ಪೋಸ್ಟ್ ಆಮೇಲೆ ಹಾಕಿ, ಮೊದಲು ಇನ್‌ಬಾಕ್ಸ್ ಸರಿ ಮಾಡ್ಕೊಳ್ಳಿ

ಬಿಸಿನೆಸ್‌ಗೆ ಸೋಷಿಯಲ್ ಮೀಡಿಯಾ ಬಳಸ್ಬೇಕು ಅಂತ ಹೊರಡೋರು ಸಾಮಾನ್ಯವಾಗಿ ಏನ್ ಮಾಡ್ತಾರೆ ನೋಡಿ. ಒಂದು ಲೋಗೋ ಮಾಡಿಸ್ತಾರೆ, ಫೇಸ್‌ಬುಕ್ಕು ಇನ್‌ಸ್ಟಾಗ್ರಾಮು ಯೂಟ್ಯೂಬು ಎಕ್ಸು ಅಂತ ಸಿಕ್ಕಸಿಕ್ಕಲ್ಲೆಲ್ಲಾ ಅಕೌಂಟ್ ತೆಗೀತಾರೆ, ಮೊದಲ ವಾರ ಭಾರೀ ಹುಮ್ಮಸ್ಸಲ್ಲಿ ದಿನಕ್ಕೆ ಎರಡೆರಡು ಪೋಸ್ಟ್ ಹಾಕ್ತಾರೆ, ಆಮೇಲೆ ಸುಸ್ತಾಗಿ ಬರೀ ಗುಡ್ ಮಾರ್ನಿಂಗ್ ಪೋಸ್ಟಿಗೆ ಬಂದು ನಿಲ್ಲತ್ತೆ. ಅಷ್ಟರಲ್ಲಿ ನಿಜವಾಗ್ಲೂ ತಗೊಳ್ಳೋ ಮನಸ್ಸಿದ್ದ ಯಾರೋ ಒಬ್ರು ಮೊದಲನೇ ಪೋಸ್ಟ್ ಕೆಳಗೆ "ರೇಟ್ ಎಷ್ಟು?" ಅಂತ ಕೇಳಿರ್ತಾರೆ, ಅದಕ್ಕೆ ಉತ್ತರಾನೇ ಇರಲ್ಲ. ಇನ್ನೊಬ್ರು ಮೆಸೇಜ್ ಕಳ್ಸಿರ್ತಾರೆ, ಅದು ರಿಕ್ವೆಸ್ಟ್ ಅನ್ನೋ ಫೋಲ್ಡರ್‌ನಲ್ಲಿ ಹೋಗಿ ಕೂತಿರತ್ತೆ, ಅಂಥದ್ದೊಂದು ಫೋಲ್ಡರ್ ಇದೆ ಅಂತ್ಲೇ ಎಷ್ಟೋ ಜನಕ್ಕೆ ಗೊತ್ತಿರಲ್ಲ. ಅಂಗಡಿಗೆ ಬೀಗ ಹಾಕಿ ಹೊರಗಡೆ ದೊಡ್ಡ ಬ್ಯಾನರ್ ಕಟ್ಟಿದಂಗೆ ಆಯ್ತಲ್ಲ ಇದು.

ಅದಕ್ಕೇ ಇಲ್ಲಿ ನಾನು ಹೇಳೋ ಕ್ರಮ ಸ್ವಲ್ಪ ಉಲ್ಟಾ ಇದೆ. ಎಲ್ಲಿರ್ಬೇಕು ಅಂತ ತೀರ್ಮಾನ ಆದ್ಮೇಲೆ ಮೊದಲ ಕೆಲಸ ಬಂದೋರಿಗೆ ಉತ್ತರ ಕೊಡೋ ವ್ಯವಸ್ಥೆ, ಆಮೇಲೆ ಪ್ರೊಫೈಲು, ಅದಾದ್ಮೇಲೆ ಪೋಸ್ಟು, ದುಡ್ಡು ಹಾಕಿ ಆಡ್ ಮಾಡೋದು ಕಟ್ಟಕಡೇಗೆ. ಮಾತಿಗೊಂದು ಉದಾಹರಣೆ ಇರ್ಲಿ ಅಂತ, ಮನೇಲೇ ಬಟ್ಟೆ ಬ್ಯಾಗ್ ಹೊಲಿದು ಮಾರೋ ಒಬ್ಬರನ್ನ ಇಟ್ಕೊಳ್ಳೋಣ. ನಿಮ್ಮದು ಬೇರೆ ಏನೇ ಇದ್ರೂ ಲೆಕ್ಕ ಹೆಚ್ಚುಕಮ್ಮಿ ಇದೇ.

ಮೊದಲನೇ ಹೆಜ್ಜೆ: ಎಲ್ಲಿರ್ಬೇಕು ಅಂತ ತೀರ್ಮಾನ ಮಾಡಿ

ಎಲ್ಲಾ ಕಡೆ ಇರೋದು ಬೇಡ. ಒಂದು ಅಥವಾ ಎರಡು ಸಾಕು. ನೋಡಿದ ತಕ್ಷಣ ಇಷ್ಟ ಆಗೋ ವಸ್ತು ಅಂದ್ರೆ ಬ್ಯಾಗು, ಬಟ್ಟೆ, ಮನೆ ಅಲಂಕಾರ ಇಂಥದ್ದಕ್ಕೆ ಇನ್‌ಸ್ಟಾಗ್ರಾಮ್ ಸರಿ ಹೋಗತ್ತೆ. "ಇದನ್ನ ಹೇಗೆ ಮಾಡೋದು", "ಯಾವುದು ತಗೊಳ್ಳೋದು" ಅಂತ ಜನ ಹುಡುಕೋ ವಿಷಯ ಆದ್ರೆ ಯೂಟ್ಯೂಬು, ಯಾಕಂದ್ರೆ ಅಲ್ಲಿ ಹಾಕಿದ ವಿಡಿಯೋ ವರ್ಷಗಟ್ಟಲೆ ಸರ್ಚಲ್ಲಿ ಸಿಗ್ತಾ ಇರತ್ತೆ. ರಿಪೇರಿ, ಕ್ಲಿನಿಕ್ಕು, ಟ್ಯೂಷನ್ನು ಥರ ಹತ್ತಿರದಲ್ಲಿ ಯಾರಿದಾರೆ ಅಂತ ಹುಡುಕೋ ಸರ್ವಿಸ್ ಆದ್ರೆ ಮಿಕ್ಕಿದ್ದೆಲ್ಲಾ ಬಿಟ್ಟು ಮೊದಲು ಗೂಗಲ್ ಬಿಸಿನೆಸ್ ಪ್ರೊಫೈಲ್ ಮಾಡ್ಕೊಳ್ಳಿ (2021ರ ತನಕ ಇದನ್ನೇ ಗೂಗಲ್ ಮೈ ಬಿಸಿನೆಸ್ ಅಂತಿದ್ರು), ಅದು ಫ್ರೀ, ಮ್ಯಾಪಲ್ಲೂ ಕಾಣತ್ತೆ. ನೀವು ಮಾರೋದೇ ಬೇರೆ ಕಂಪನಿಗಳಿಗೆ ಅಂದ್ರೆ ಲಿಂಕ್ಡ್‌ಇನ್. ಉಳಿದ ಕಡೆ ಹೆಸರು ಬೇರೆಯೋರು ತಗೊಳ್ದೇ ಇರ್ಲಿ ಅಂತ ಅಕೌಂಟ್ ಮಾಡಿಟ್ಟು, "ನಾವು ಇನ್‌ಸ್ಟಾಗ್ರಾಮಲ್ಲಿ ಸಿಗ್ತೀವಿ" ಅಂತ ಒಂದು ಲೈನ್ ಬರೆದು ಸುಮ್ನಾಗಿ.

ಎರಡನೇ ಹೆಜ್ಜೆ: ಉತ್ತರ ಕೊಡೋ ಜಾಗ ರೆಡಿ ಮಾಡಿ

ಇಲ್ಲಿ ಸ್ವಲ್ಪ ಟೈಮ್ ಕೊಡಿ, ಇಡೀ ಕೆಲಸದಲ್ಲಿ ನಿಜವಾದ ವ್ಯಾಪಾರ ನಡೆಯೋದು ಇಲ್ಲೇ.

ವಾಟ್ಸಾಪ್ ಬಿಸಿನೆಸ್ ಅನ್ನೋ ಆ್ಯಪ್ 2018ರಲ್ಲಿ ಬಂತು, ಮಾಮೂಲಿ ವಾಟ್ಸಾಪ್ ಬೇರೆ, ಇದು ಬೇರೆ, ಇದೂ ಫ್ರೀ. ಆದಷ್ಟು ಇದಕ್ಕೆ ಬೇರೆ ನಂಬರ್ ಇಟ್ಕೊಳ್ಳಿ, ಇಲ್ಲಾಂದ್ರೆ ಮನೆ ಗ್ರೂಪಿನ ಫಾರ್ವರ್ಡ್ ಮಧ್ಯೆ ಆರ್ಡರ್ ಕಳೆದುಹೋಗತ್ತೆ. ಒಂದೇ ನಂಬರನ್ನ ಫೋನಿನ ಜೊತೆಗೆ ಇನ್ನೂ ನಾಲ್ಕು ಡಿವೈಸ್‌ಗೆ ಲಿಂಕ್ ಮಾಡ್ಬಹುದು, ಹಾಗಾಗಿ ನೀವು ಕೆಲಸದಲ್ಲಿದ್ದಾಗ ಇನ್ನೊಬ್ರು ಲ್ಯಾಪ್‌ಟಾಪಲ್ಲಿ ಉತ್ತರ ಕೊಡ್ತಾ ಇರ್ಬಹುದು.

ಆ್ಯಪ್ ಒಳಗೆ ಬಿಸಿನೆಸ್ ಟೂಲ್ಸ್ ಅಂತ ಇರತ್ತೆ, ಅದ್ರಲ್ಲಿ ನಾಲ್ಕು ವಿಷಯ ಸೆಟ್ ಮಾಡಿ. ಒಂದು ಕ್ಯಾಟಲಾಗು, 500 ಐಟಂ ತನಕ ಫೋಟೋ, ವಿವರ, ಬೆಲೆ ಸಮೇತ ಹಾಕ್ಬಹುದು, ಆಮೇಲೆ ಪ್ರತಿಯೊಬ್ರಿಗೂ ಇಪ್ಪತ್ತು ಫೋಟೋ ಕಳ್ಸೋ ಕರ್ಮ ಇರಲ್ಲ, ಲಿಂಕ್ ಕಳ್ಸಿದ್ರೆ ಆಯ್ತು. ಎರಡನೇದು ಗ್ರೀಟಿಂಗ್ ಮೆಸೇಜು, ಹೊಸಬರು ಮೊದಲ ಸಲ ಮೆಸೇಜ್ ಮಾಡಿದಾಗ ಅಥವಾ ಹಳಬರು 14 ದಿನ ಮಾತಾಡದೇ ಇದ್ದು ಮತ್ತೆ ಬಂದಾಗ ತಾನಾಗೇ ಹೋಗತ್ತೆ. ಮೂರನೇದು ಅವೇ ಮೆಸೇಜು, ನೀವು ಇಲ್ದೇ ಇರೋ ಹೊತ್ತಿಗೆ. ಇದ್ರಲ್ಲಿ "ಶೀಘ್ರದಲ್ಲೇ ನಿಮ್ಮನ್ನು ಸಂಪರ್ಕಿಸಲಾಗುವುದು" ಅಂತ ಸರ್ಕಾರಿ ನೋಟೀಸ್ ಥರ ಬರೀಬೇಡಿ, ಅದನ್ನ ಓದಿ ಯಾರೂ ಕಾಯಲ್ಲ. "ಈಗ ಕ್ಲೋಸ್ ಆಗಿದೆ, ನಾಳೆ ಬೆಳಿಗ್ಗೆ 10ರ ಒಳಗೆ ಉತ್ತರ ಕೊಡ್ತೀವಿ, ಅಲ್ಲೀವರೆಗೂ ಕ್ಯಾಟಲಾಗ್ ನೋಡ್ತಾ ಇರಿ" ಅಂತ ಟೈಮ್ ಹೇಳಿ ಬರೀರಿ, ಹೇಳಿದ ಟೈಮಿಗೆ ಉತ್ತರಾನೂ ಕೊಡಿ.

ನಾಲ್ಕನೇದು ಕ್ವಿಕ್ ರಿಪ್ಲೈ. ಮತ್ತೆ ಮತ್ತೆ ಟೈಪ್ ಮಾಡೋ ಉತ್ತರಗಳನ್ನ ಒಂದ್ಸಲ ಬರೆದಿಟ್ರೆ, ಸ್ಲ್ಯಾಷ್ ಒತ್ತಿ ಚಿಕ್ಕ ಹೆಸರು ಹಾಕಿದ ಕೂಡ್ಲೇ ಪೂರ್ತಿ ಉತ್ತರ ಬರತ್ತೆ, 50ರ ತನಕ ಇಟ್ಕೊಳ್ಬಹುದು. ನಮ್ಮ ಬ್ಯಾಗಿನೋರಿಗೆ ಒಂದು ಹೀಗಿರ್ಬಹುದು: "ಈ ಬ್ಯಾಗಲ್ಲಿ 15 ಇಂಚಿನ ಲ್ಯಾಪ್‌ಟಾಪ್ ಹಿಡಿಯತ್ತೆ, ಒಳಗೆ ಒಂದು ಜಿಪ್ ಪಾಕೆಟ್ ಇದೆ, ಕೈಯಲ್ಲಿ ಒಗೀಬಹುದು, ಮೆಷಿನ್ ಬೇಡ. ಆರ್ಡರ್ ಮಾಡಿದ ಮೇಲೆ ಹೊಲಿಯೋಕೆ 4 ದಿನ ಬೇಕು. ಯಾವ ಬಣ್ಣ ನೋಡ್ತಿದೀರಾ?" ಗಮನಿಸಿ, ಕೊನೇಲಿ ಒಂದು ಪ್ರಶ್ನೆ ಇದೆ. ಮಾಹಿತಿ ಕೊಟ್ಟು ಸುಮ್ನಾದ್ರೆ ಅಲ್ಲಿಂದ "ಓಕೆ ಥ್ಯಾಂಕ್ಸ್" ಬರತ್ತೆ, ಅಷ್ಟೇ. ಒಂದು ಪ್ರಶ್ನೆ ಕೇಳಿದ್ರೆ ಮಾತು ಮುಂದುವರಿಯತ್ತೆ. ಆದ್ರೆ ಕ್ವಿಕ್ ರಿಪ್ಲೈ ಇದೆ ಅಂತ ಏನ್ ಕೇಳಿದ್ರೂ ಅದನ್ನೇ ಅಂಟಿಸೋದಲ್ಲ, ಮೊದಲು ಅವ್ರು ಕೇಳಿದ್ದಕ್ಕೆ ಒಂದು ಸಾಲು ನೀವೇ ಬರೆದು ಆಮೇಲೆ ಇದನ್ನ ಸೇರಿಸಿ.

ಲೇಬಲ್ ಅಂತಾನೂ ಒಂದಿದೆ, ಹೊಸ ವಿಚಾರಣೆ, ದುಡ್ಡು ಬರ್ಬೇಕು, ಕಳ್ಸಾಯ್ತು ಅಂತ ಪ್ರತಿ ಚಾಟ್‌ಗೂ ಬಣ್ಣದ ಚೀಟಿ ಹಚ್ಚೋದು. ಸಂಜೆ ಒಂದ್ಸಲ "ಹೊಸ ವಿಚಾರಣೆ" ಲೇಬಲ್ ತೆಗೆದು ನೋಡಿದ್ರೆ ಯಾರಿಗೆ ಉತ್ತರ ಬಾಕಿ ಇದೆ ಗೊತ್ತಾಗತ್ತೆ.

ಬ್ರಾಡ್‌ಕಾಸ್ಟ್, ಅಂದ್ರೆ ಒಂದೇ ಮೆಸೇಜನ್ನ ಒಂದೇ ಸಲ ತುಂಬಾ ಜನಕ್ಕೆ ಕಳ್ಸೋದು, ಅದ್ರ ಬಗ್ಗೆ ಒಂದು ಮಾತು. ಒಂದು ಲಿಸ್ಟಿಗೆ 256 ಜನರನ್ನ ಸೇರಿಸ್ಬಹುದು ಸರಿ, ಆದ್ರೆ ನಿಮ್ಮ ನಂಬರನ್ನ ಸೇವ್ ಮಾಡ್ಕೊಂಡಿರೋರಿಗೆ ಮಾತ್ರ ಅದು ತಲುಪೋದು. ಎಲ್ಲಿಂದಲೋ ನಂಬರ್ ಲಿಸ್ಟ್ ತಗೊಂಡು ಕಳ್ಸಿದ್ರೆ ತಲುಪೋದೂ ಇಲ್ಲ, ಜೊತೆಗೆ ಗೊತ್ತಿಲ್ದೋರಿಗೆ ಒಬ್ಬೊಬ್ಬರಿಗೇ ಮೆಸೇಜ್ ಹೊಡೀತಾ ಹೋದ್ರೆ ಅವ್ರು ರಿಪೋರ್ಟ್ ಮಾಡ್ತಾರೆ, ರಿಪೋರ್ಟ್ ಜಾಸ್ತಿ ಆದ್ರೆ ನಂಬರೇ ಬ್ಯಾನ್ ಆಗತ್ತೆ. ಆರ್ಡರ್ ಮಾಡಿದೋರನ್ನೇ "ಹೊಸ ಡಿಸೈನ್ ಬಂದಾಗ ತಿಳಿಸ್ಲಾ? ಹಾಗಿದ್ರೆ ಈ ನಂಬರ್ ಸೇವ್ ಮಾಡ್ಕೊಳ್ಳಿ" ಅಂತ ಕೇಳೋದು ಒಳ್ಳೇದು. ಮುಂದೆ ಮೆಸೇಜು ಕೈ ಮೀರಿ ಬರೋಕೆ ಶುರುವಾದ್ರೆ ವಾಟ್ಸಾಪ್‌ನ ಎಪಿಐ ಅಂತ ಬೇರೇನೇ ವ್ಯವಸ್ಥೆ ಇದೆ, ಅಲ್ಲಿ ಗ್ರಾಹಕರು ಕೊನೇ ಸಲ ಮೆಸೇಜ್ ಮಾಡಿದ 24 ಗಂಟೆ ಒಳಗೆ ಏನು ಬೇಕಾದ್ರೂ ಬರೀಬಹುದು, ಆಮೇಲೆ ಆದ್ರೆ ಮೊದಲೇ ಅಪ್ರೂವ್ ಮಾಡಿಸಿದ ಟೆಂಪ್ಲೇಟ್ ಮಾತ್ರ. ಶುರುವಲ್ಲಿ ಅದ್ರ ಸಹವಾಸ ಬೇಡ.

ಇನ್‌ಸ್ಟಾಗ್ರಾಮ್, ಫೇಸ್‌ಬುಕ್ ಎರಡೂ ಇದ್ರೆ ಅವೆರಡರ ಒಡೆಯ ಕಂಪನಿ ಮೆಟಾದ ಬಿಸಿನೆಸ್ ಸೂಟ್ ಅನ್ನೋ ಆ್ಯಪ್ ಹಾಕ್ಕೊಳ್ಳಿ, ಎರಡರ ಮೆಸೇಜು ಕಾಮೆಂಟು ಒಂದೇ ಇನ್‌ಬಾಕ್ಸಲ್ಲಿ ಸಿಗತ್ತೆ. ಮೇಲೆ ಹೇಳಿದ ರಿಕ್ವೆಸ್ಟ್ ಫೋಲ್ಡರನ್ನ ದಿನಕ್ಕೊಂದ್ಸಲ ತೆಗೆದು ನೋಡೋದು ಮರೀಬೇಡಿ, ಹೊಸ ಗಿರಾಕಿಗಳು ಮೊದಲು ಬಂದು ಕೂರೋದೇ ಅಲ್ಲಿ.

ಮೂರನೇ ಹೆಜ್ಜೆ: ಪ್ರೊಫೈಲು

ಇನ್‌ಸ್ಟಾಗ್ರಾಮಲ್ಲಿ ಪರ್ಸನಲ್ ಅಕೌಂಟ್ ಇದ್ರೆ ಸೆಟ್ಟಿಂಗ್ಸಲ್ಲಿ ಪ್ರೊಫೆಷನಲ್ ಅಕೌಂಟಿಗೆ ಬದಲಾಯಿಸಿ, ಆಗ ಮಾತ್ರ ಇನ್‌ಸೈಟ್ಸ್ (ಎಷ್ಟು ಜನ ನೋಡಿದ್ರು, ಏನ್ ಮಾಡಿದ್ರು ಅನ್ನೋ ಲೆಕ್ಕ) ಕಾಣತ್ತೆ. ಫೇಸ್‌ಬುಕ್ಕಲ್ಲಿ ಸ್ವಂತ ಪ್ರೊಫೈಲಲ್ಲೇ ವ್ಯಾಪಾರ ಮಾಡೋರು ತುಂಬಾ ಜನ ಇದಾರೆ, ಅಲ್ಲಿ ಫ್ರೆಂಡ್ಸ್ 5000ಕ್ಕೆ ನಿಲ್ಲತ್ತೆ, ಆಡ್ ಮಾಡೋಕೂ ಪೇಜ್ ಇದ್ರೇ ಅನುಕೂಲ, ಹಾಗಾಗಿ ಶುರುವಿಂದ್ಲೇ ಪೇಜ್ ಮಾಡಿ.

ಬಯೋಗೆ, ಅಂದ್ರೆ ಇನ್‌ಸ್ಟಾಗ್ರಾಮ್ ಪ್ರೊಫೈಲಿನ ಮೇಲಿರೋ ಪರಿಚಯಕ್ಕೆ, ಸಿಗೋದು 150 ಅಕ್ಷರ. ಅದ್ರಲ್ಲಿ "ಕನಸುಗಳಿಗೆ ಬಣ್ಣ ತುಂಬುವ ಪಯಣ" ಅಂತೆಲ್ಲಾ ಬರೆದ್ರೆ ನೀವು ಪೇಂಟ್ ಮಾರ್ತೀರೋ ಮದುವೆ ಮಾಡಿಸ್ತೀರೋ ಗೊತ್ತಾಗಲ್ಲ. ಏನು ಮಾಡ್ತೀರಿ, ಎಲ್ಲೆಲ್ಲಿಗೆ ಕಳಿಸ್ತೀರಿ, ಆರ್ಡರ್ ಹೇಗೆ, ಇಷ್ಟು ಸಾಕು. "ಕಾಟನ್ ಲ್ಯಾಪ್‌ಟಾಪ್ ಬ್ಯಾಗ್, ಮನೇಲೇ ಹೊಲಿದಿದ್ದು. ಪಾರ್ಸೆಲ್ ಕಳಿಸ್ತೀವಿ. ಆರ್ಡರ್‌ಗೆ ಕೆಳಗಿನ ಲಿಂಕ್." ಆ ಲಿಂಕು ಸೀದಾ ವಾಟ್ಸಾಪ್ ಚಾಟ್ ತೆಗೆಯೋ ಹಾಗಿರ್ಲಿ. ವಾಟ್ಸಾಪ್ ಬಿಸಿನೆಸ್ ಒಳಗೇ ಶಾರ್ಟ್ ಲಿಂಕ್ ಅಂತ ಸಿಗತ್ತೆ, ಕ್ಯೂಆರ್ ಕೋಡೂ ಅಲ್ಲೇ ಇರತ್ತೆ, ಪ್ಯಾಕಿಂಗ್ ಕವರ್ ಮೇಲೆ ಪ್ರಿಂಟ್ ಮಾಡಿಸ್ಬಹುದು. ಇನ್‌ಸ್ಟಾಗ್ರಾಮ್ ಕ್ಯಾಪ್ಷನಲ್ಲಿ (ಪೋಸ್ಟ್ ಕೆಳಗಿನ ಬರಹ) ಹಾಕಿದ ಲಿಂಕ್ ಒತ್ತೋಕೆ ಬರಲ್ಲ ಅನ್ನೋದು ನೆನಪಿರ್ಲಿ, ಬಯೋದಲ್ಲಿ ಹಾಕಿ ಅಥವಾ ಸ್ಟೋರಿಯಲ್ಲಿ ಲಿಂಕ್ ಸ್ಟಿಕರ್ ಹಾಕಿ. ಸ್ಟೋರಿ 24 ಗಂಟೆಗೆ ಹೋಗ್ಬಿಡತ್ತೆ, ಆದ್ರಿಂದ ಬೆಲೆ, ಸೈಜು, ಡೆಲಿವರಿ, ವಾಪಸ್ ಮಾಡೋ ನಿಯಮ ಇವನ್ನ ಪ್ರೊಫೈಲಲ್ಲೇ ಉಳಿಯೋ ಹೈಲೈಟ್ಸಲ್ಲಿ ಹಾಕಿಡಿ.

ನಾಲ್ಕನೇ ಹೆಜ್ಜೆ: ಏನು ಪೋಸ್ಟ್ ಮಾಡೋದು

"ಏನ್ ಹಾಕೋದು ಅಂತಾನೇ ಹೊಳೀತಿಲ್ಲ" ಅನ್ನೋರು ಬೇರೆಯೋರ ಪೇಜ್ ನೋಡಿ ಕಾಪಿ ಹೊಡೀತಾರೆ. ಅದಕ್ಕಿಂತ ನಿಮ್ಮ ಇನ್‌ಬಾಕ್ಸ್ ತೆಗೀರಿ. ಜನ ಕೇಳಿದ ಪ್ರಶ್ನೆಗಳನ್ನ ಅವ್ರದೇ ಮಾತಲ್ಲಿ ಒಂದು ನೋಟ್‌ಬುಕ್ಕಲ್ಲಿ ಬರೀತಾ ಹೋಗಿ. "ಮಳೇಲಿ ನೆಂದ್ರೆ ಬಣ್ಣ ಬಿಡತ್ತಾ?" "ಹೆಗಲಿನ ಪಟ್ಟಿ ಉದ್ದ ಮಾಡ್ಬಹುದಾ?" "ಫೋಟೋದಲ್ಲಿರೋ ಬಣ್ಣಾನೇ ಬರತ್ತಾ?" ಪ್ರತಿ ಪ್ರಶ್ನೆನೂ ಒಂದು ಪೋಸ್ಟು. ಬಣ್ಣ ಬಿಡತ್ತಾ ಅಂದೋರಿಗೆ ಬಕೆಟ್ ನೀರಲ್ಲಿ ಬ್ಯಾಗ್ ಅದ್ದಿ, ಎತ್ತಿ, ಬಿಳಿ ಟವೆಲ್ ಮೇಲೆ ಒತ್ತಿ ತೋರಿಸಿ, ಅರ್ಧ ನಿಮಿಷದ ರೀಲ್ ಆಯ್ತು. ಇಂಥದ್ದು ನೋಡಿ ಆರ್ಡರ್ ಮಾಡ್ತಾರೆ, "ಉತ್ತಮ ಗುಣಮಟ್ಟ" ಅಂತ ಬರೆದಿದ್ದನ್ನ ನೋಡಿ ಅಲ್ಲ. ಬಣ್ಣ ಸ್ವಲ್ಪ ಬಿಡತ್ತೆ ಅಂತಾದ್ರೆ ಅದನ್ನೂ ತೋರ್ಸಿ ಹೇಗೆ ಒಗೀಬೇಕು ಅಂತ ಹೇಳಿ, ಆಮೇಲೆ ಬರೋ ಜಗಳ ಎಷ್ಟೋ ತಪ್ಪತ್ತೆ.

ಫೋಟೋಗೆ ಕ್ಯಾಮೆರಾ ಕೊಳ್ಬೇಕಿಲ್ಲ. ಕಿಟಕಿ ಪಕ್ಕ ಹಗಲು ಬೆಳಕಲ್ಲಿ ತೆಗೀರಿ, ಫ್ಲ್ಯಾಷ್ ಬೇಡ, ಫಿಲ್ಟರಂತೂ ಬೇಡ್ವೇ ಬೇಡ ಯಾಕಂದ್ರೆ ಫಿಲ್ಟರ್ ಹಾಕಿದ ಬಣ್ಣ ನೋಡಿ ತಗೊಂಡೋರು ವಾಪಸ್ ಕಳಿಸ್ತಾರೆ. ಸೈಜ್ ಗೊತ್ತಾಗೋಕೆ ಯಾರಾದ್ರೂ ಹೆಗಲಿಗೆ ಹಾಕ್ಕೊಂಡಿರೋ ಒಂದು ಫೋಟೋ ಇರ್ಲೇಬೇಕು.

ರೀಲ್ ಮಾಡೋವಾಗ ಫೋನ್ ಉದ್ದಕ್ಕೆ ಹಿಡೀರಿ, 9:16 ಅಳತೆ, 1080 ಪಿಕ್ಸೆಲ್ ಅಗಲ 1920 ಪಿಕ್ಸೆಲ್ ಎತ್ತರ. ಕೆಳಗಡೆ ಕ್ಯಾಪ್ಷನ್ನು, ಬಲಗಡೆ ಲೈಕು ಶೇರು ಬಟನ್ನು ಬರೋದ್ರಿಂದ ಅಲ್ಲಿ ಬರಹ ಹಾಕಿದ್ರೆ ಮುಚ್ಚಿಹೋಗತ್ತೆ, ನಡುಮಧ್ಯ ಹಾಕಿ. ಎಷ್ಟೋ ಜನ ಸೌಂಡ್ ಆಫ್ ಮಾಡ್ಕೊಂಡೇ ನೋಡೋದು, ಅದಕ್ಕೆ ಮಾತಾಡಿದ್ದನ್ನ ಪರದೆ ಮೇಲೂ ಬರೀರಿ. ಮೊದಲ ಎರಡು ಮೂರು ಸೆಕೆಂಡಲ್ಲಿ ವಿಷಯಕ್ಕೆ ಬನ್ನಿ, ಲೋಗೋ ತಿರುಗ್ತಾ ಬರೋ ಇಂಟ್ರೋ ಯಾರಿಗೂ ಬೇಕಾಗಿಲ್ಲ.

ಹಾಡಿನ ವಿಷಯ ತುಂಬಾ ಜನ ಎಡವೋ ಜಾಗ. ಬಿಸಿನೆಸ್ ಅಕೌಂಟ್ ಮಾಡಿದ ಮೇಲೆ "ಟ್ರೆಂಡಿಂಗ್ ಹಾಡು ಸಿಗ್ತಾನೇ ಇಲ್ವಲ್ಲ" ಅಂತಾರೆ. ಕಾರಣ ಏನಂದ್ರೆ ಇನ್‌ಸ್ಟಾಗ್ರಾಮಿನ ಹಾಡುಗಳ ಲೈಸೆನ್ಸ್ ಹೆಚ್ಚಾಗಿ ಖಾಸಗಿ ಬಳಕೆಗೆ ಇರೋದು, ವ್ಯಾಪಾರಕ್ಕೆ ಅಲ್ಲ. ಅದಕ್ಕೆ ಮೆಟಾ ಸೌಂಡ್ ಕಲೆಕ್ಷನ್ ಅಂತ ಬೇರೆ ಇದೆ, ಅಲ್ಲಿಂದ ತಗೊಳ್ಳಿ. ಹೊರಗಡೆ ಎಡಿಟ್ ಮಾಡಿ ಸಿನಿಮಾ ಹಾಡು ತುರುಕಿದ್ರೆ ವಿಡಿಯೋ ಮ್ಯೂಟ್ ಆಗತ್ತೆ ಇಲ್ಲಾ ತೆಗೆದೇ ಹಾಕ್ತಾರೆ. ನನ್ನ ಕೇಳಿದ್ರೆ ಹೊಲಿಗೆ ಮೆಷಿನ್ ಸದ್ದೇ ಸಾಕು, ಅದೇ ಚೆನ್ನಾಗಿರತ್ತೆ.

ಕ್ಯಾಪ್ಷನ್ ಉದ್ದ ಬರೀಬಹುದು, 2200 ಅಕ್ಷರದ ತನಕ ಜಾಗ ಇದೆ, ಆದ್ರೆ ಮೊದಲ ಸಾಲು ಬಿಟ್ಟು ಉಳಿದಿದ್ದು "ಮೋರ್" ಹಿಂದೆ ಅಡಗಿರತ್ತೆ. ಮೊದಲ ಸಾಲಲ್ಲೇ ಮುಖ್ಯ ವಿಷಯ ಬರ್ಲಿ. ಬೆಲೆ ಹಾಕ್ಬೇಕಾ ಬೇಡ್ವಾ ಅಂತ ಯಾವಾಗ್ಲೂ ವಾದ ನಡೆಯತ್ತೆ. ನಾನು ಹಾಕಿ ಅಂತೀನಿ. ಬೆಲೆ ನೋಡಿ ಹೋಗೋರು ಕೇಳಿದ್ಮೇಲೂ ಹೋಗ್ತಿದ್ರು, ನಿಮ್ಮ ಟೈಮ್ ಉಳೀತು. ಎಐ ಹತ್ರ ಕ್ಯಾಪ್ಷನ್ ಬರೆಸೋರು ಬಂದಿದ್ದನ್ನ ಹಾಗೇ ಅಂಟಿಸ್ಬೇಡಿ, ಎಲ್ಲಾ ಪೇಜಲ್ಲೂ ಅದೇ ರಾಕೆಟ್ ಎಮೋಜಿ, ಅದೇ "ನಿಮ್ಮ ಸ್ಟೈಲ್ ಹೆಚ್ಚಿಸಿ" ಕಾಣ್ತಾ ಇದೆ.

ಯೂಟ್ಯೂಬಲ್ಲಿ ಉದ್ದ ವಿಡಿಯೋ ಹಾಕೋರು ಡಿಸ್ಕ್ರಿಪ್ಷನಲ್ಲಿ ಟೈಮ್ ಬರೆದ್ರೆ ಚಾಪ್ಟರ್ ಆಗತ್ತೆ, ಮೊದಲನೇದು 0:00ಯಿಂದ್ಲೇ ಶುರುವಾಗ್ಬೇಕು, ಕಮ್ಮಿ ಅಂದ್ರೂ ಮೂರು ಇರ್ಬೇಕು, ಒಂದೊಂದೂ 10 ಸೆಕೆಂಡಾದ್ರೂ ಇರ್ಬೇಕು.

ವಾರಕ್ಕೆ ಎಷ್ಟು ಪೋಸ್ಟು? ನಿಮ್ಮ ಕೈಲಿ ನಿಲ್ಲಿಸದೇ ಎಷ್ಟಾಗತ್ತೋ ಅಷ್ಟು. ಎರಡಾದ್ರೆ ಎರಡೇ. ಒಂದಿನ ಕೂತು ನಾಲ್ಕೈದು ಮಾಡಿ ಬಿಸಿನೆಸ್ ಸೂಟಲ್ಲಿ ಶೆಡ್ಯೂಲ್ ಮಾಡಿಟ್ರೆ ಉಳಿದ ದಿನ ಹಾಯಾಗಿರ್ಬಹುದು, ಆದ್ರೆ ಪೋಸ್ಟ್ ಹೋಗೋ ಹೊತ್ತಿಗೆ ಕಾಮೆಂಟ್ ನೋಡೋಕೆ ನೀವು ಇರ್ಬೇಕು.

ಐದನೇ ಹೆಜ್ಜೆ: ಕಾಮೆಂಟು, ದೂರು, ರಿವ್ಯೂ

"ರೇಟ್ ಎಷ್ಟು?" ಅಂದೋರಿಗೆ "ಡಿಎಂ ಮಾಡಿ" (ಅಂದ್ರೆ ಖಾಸಗಿಯಾಗಿ ಮೆಸೇಜ್ ಮಾಡಿ) ಅನ್ನೋ ಅಭ್ಯಾಸ ಬಿಡಿ. ಅಲ್ಲೇ ಬೆಲೆ ಹೇಳಿ, ಅದೇ ಪ್ರಶ್ನೆ ಮನಸ್ಸಲ್ಲಿಟ್ಕೊಂಡು ಸುಮ್ನೆ ಓದೋರು ಇನ್ನೂ ಹತ್ತು ಜನ ಇರ್ತಾರೆ.

ದೂರು ಬಂದಾಗ ಕೈ ನಡುಗತ್ತೆ, ಅದು ಸಹಜ. "ಆರ್ಡರ್ ಮಾಡಿ ಹನ್ನೆರಡು ದಿನ ಆಯ್ತು, ಫೋನ್ ಎತ್ತಲ್ಲ, ಮೋಸಗಾರರು" ಅಂತ ಒಬ್ರು ಪೋಸ್ಟ್ ಕೆಳಗೆ ಬರೆದ್ರು ಅಂದ್ಕೊಳ್ಳಿ. ಡಿಲೀಟ್ ಮಾಡಿದ್ರೆ ಅವ್ರು ಸ್ಕ್ರೀನ್‌ಶಾಟ್ ಸಮೇತ ವಾಪಸ್ ಬರ್ತಾರೆ. "ಮೇಡಂ, ಕೊರಿಯರ್‌ನೋರ ತಪ್ಪು, ನಮ್ಮದಲ್ಲ" ಅಂದ್ರೂ ಕೆಲಸ ಆಗಲ್ಲ, ದುಡ್ಡು ಅವ್ರು ಕೊಟ್ಟಿರೋದು ನಿಮಗೆ. ಹೀಗೆ ಬರೀಬಹುದು: "ಹನ್ನೆರಡು ದಿನ ಆಗಿರೋದು ನಿಜ ಮೇಡಂ, ಕ್ಷಮಿಸಿ. ಪಾರ್ಸೆಲ್ ಎಲ್ಲಿದೆ ಅಂತ ಈಗ ಕೊರಿಯರ್‌ನೋರ ಹತ್ರ ಕೇಳಿದೀವಿ. ಸಂಜೆ 6ರ ಒಳಗೆ ನಿಮಗೆ ಫೋನ್ ಮಾಡ್ತೀವಿ, ಪಾರ್ಸೆಲ್ ಸಿಗ್ಲಿಲ್ಲ ಅಂದ್ರೆ ಹೊಸದು ಕಳಿಸೋದಾ ದುಡ್ಡು ವಾಪಸ್ಸಾ ನೀವೇ ಹೇಳಿ." ಆದದ್ದನ್ನ ಒಪ್ಕೊಂಡ್ರಿ, ಈಗ ಏನ್ ಮಾಡ್ತಿದೀರಿ ಅಂದ್ರಿ, ಟೈಮ್ ಹೇಳಿದ್ರಿ. ಆರ್ಡರ್ ನಂಬರ್, ವಿಳಾಸ, ಫೋನ್ ನಂಬರ್ ಮಾತ್ರ ಪಬ್ಲಿಕ್ಕಾಗಿ ಕೇಳ್ಬೇಡಿ, ಅದಕ್ಕೆ ಮೆಸೇಜ್ ಇದೆ. ಸರಿಹೋದ ಮೇಲೆ ಅದೇ ಕಾಮೆಂಟ್ ಕೆಳಗೆ "ಪಾರ್ಸೆಲ್ ಸಿಕ್ಕಿತು ಅಂತ ತಿಳಿಸಿದ್ದಕ್ಕೆ ಥ್ಯಾಂಕ್ಸ್" ಅಂತ ಒಂದು ಸಾಲು ಹಾಕಿ, ನಾಳೆ ಓದೋರಿಗೆ ಕಥೆ ಪೂರ್ತಿ ಆಗತ್ತೆ. ಬೈಗುಳ ಆದ್ರೆ ಹೈಡ್ ಮಾಡಿ, ಸ್ಪ್ಯಾಮ್ ಆದ್ರೆ ಅಳಿಸಿ.

ರಿವ್ಯೂ ಕೇಳೋಕೆ ಸಂಕೋಚ ಬೇಡ, ವಸ್ತು ತಲುಪಿ ಎರಡು ಮೂರು ದಿನದ ಮೇಲೆ ಲಿಂಕ್ ಸಮೇತ ಕೇಳಿ. ಆದ್ರೆ "ಐದು ಸ್ಟಾರ್ ಕೊಟ್ರೆ ಡಿಸ್ಕೌಂಟ್" ಅನ್ನೋದು ಗೂಗಲ್ ನಿಯಮಕ್ಕೆ ವಿರುದ್ಧ. ಗ್ರಾಹಕರು ಕಳ್ಸಿದ ಫೋಟೋ ಹಾಕೋ ಮುಂಚೆ ಅವ್ರನ್ನ ಒಂದು ಮಾತು ಕೇಳಿ.

ಆರನೇ ಹೆಜ್ಜೆ: ಆಡ್

ಇದು ಈಗ. ಬಂದೋರಿಗೆ ಉತ್ತರ ಸಿಗತ್ತೆ, ಪ್ರೊಫೈಲ್ ಸರಿ ಇದೆ, ಯಾವ ಪೋಸ್ಟಿಗೆ ಮೆಸೇಜ್ ಬರತ್ತೆ ಅಂತ ಗೊತ್ತಾಗಿದೆ ಅಂದ್ಮೇಲೆ. ಚೆನ್ನಾಗಿ ಓಡಿದ ಪೋಸ್ಟನ್ನೇ ಆಡ್ ಮಾಡಿ, ಯಾರೂ ನೋಡ್ದೇ ಇದ್ದಿದ್ದಕ್ಕೆ ದುಡ್ಡು ಸುರೀಬೇಡಿ.

ಪೋಸ್ಟ್ ಕೆಳಗಿನ ನೀಲಿ ಬೂಸ್ಟ್ ಬಟನ್ ಒತ್ತಿ ಅದನ್ನೇ ಆಡ್ ಮಾಡೋದು ಸುಲಭ, ಆದ್ರೆ ಮೆಟಾದ ಆಡ್ ಮಾಡೋ ಟೂಲ್ ಆದ ಆಡ್ಸ್ ಮ್ಯಾನೇಜರಲ್ಲಿ ಹಿಡಿತ ಜಾಸ್ತಿ. ಉದ್ದೇಶ ಕೇಳಿದಾಗ ಲೈಕ್ ಬರೋದನ್ನ ಆರಿಸಿದ್ರೆ ಲೈಕ್ ಒತ್ತೋರಿಗೇ ತೋರಿಸತ್ತೆ, ಅವ್ರು ಕೊಳ್ಳೋರೇ ಆಗಿರ್ಬೇಕು ಅಂತೇನಿಲ್ಲ. ನಿಮಗೆ ಮೆಸೇಜ್ ಬೇಕು ಅಂದ್ರೆ ವಾಟ್ಸಾಪಿಗೆ ಕರ್ಕೊಂಡು ಬರೋ ಆಡ್ ಆರಿಸಿ. ಐಫೋನ್ ಆ್ಯಪ್ ಒಳಗಿಂದ ಬೂಸ್ಟ್ ಮಾಡಿದ್ರೆ ಆಪಲ್‌ನ ಸರ್ವಿಸ್ ಚಾರ್ಜ್ ಮೇಲಿಂದ ಸೇರಬಹುದು ಅಂತ 2024ರಲ್ಲಿ ಮೆಟಾನೇ ಹೇಳಿತ್ತು, ಬ್ರೌಸರಲ್ಲಿ ಮಾಡಿದ್ರೆ ಅದು ಇರಲ್ಲ.

ಆಡ್ ಹಾಕಿದ ಮೊದಲ ದಿನಗಳನ್ನ ಲರ್ನಿಂಗ್ ಫೇಸ್ ಅಂತಾರೆ, ವಾರದಲ್ಲಿ ಸುಮಾರು 50 ರಿಸಲ್ಟ್ (ನಿಮಗೆ ಬೇಕಾಗಿದ್ದು ಮೆಸೇಜಾದ್ರೆ 50 ಮೆಸೇಜು) ಬರೋ ತನಕ ಸಿಸ್ಟಮ್ ಯಾರಿಗೆ ತೋರಿಸ್ಬೇಕು ಅಂತ ಕಲೀತಾ ಇರತ್ತೆ. ಬೆಳಿಗ್ಗೆ ಒಂದ್ಸಲ ಸಂಜೆ ಒಂದ್ಸಲ ಬಜೆಟ್ಟು, ಫೋಟೋ ಬದಲಾಯಿಸ್ತಾ ಇದ್ರೆ ಮತ್ತೆ ಮೊದಲಿಂದ ಶುರು. ಬೇರೆಯೋರು ಎಂಥ ಆಡ್ ಹಾಕ್ತಿದಾರೆ ನೋಡ್ಬೇಕಾದ್ರೆ ಮೆಟಾ ಆಡ್ ಲೈಬ್ರರಿ ತೆಗೀರಿ, ಯಾರ ಪೇಜಿನ ಹೆಸರು ಹಾಕಿದ್ರೂ ಈಗ ಓಡ್ತಿರೋ ಆಡ್‌ಗಳು ಕಾಣತ್ತೆ. ದುಡ್ಡು ಕೊಟ್ಟು ಫಾಲೋವರ್ಸ್ ತಗೊಳ್ಳೋದಂತೂ ಶುದ್ಧ ದಂಡ, ಅವ್ರು ಏನನ್ನೂ ನೋಡಲ್ಲ, ಕೊಳ್ಳಲ್ಲ.

ಏಳನೇ ಹೆಜ್ಜೆ: ಏನನ್ನ ಎಣಿಸೋದು, ಏನನ್ನ ಕಾಪಾಡೋದು

ವಾರಕ್ಕೊಂದ್ಸಲ ಇನ್‌ಸೈಟ್ಸ್ ನೋಡಿ. ಲೈಕಿಗಿಂತ ಸೇವು, ಶೇರು, ಪ್ರೊಫೈಲ್ ವಿಸಿಟ್ಟು, ಮೆಸೇಜು ಮುಖ್ಯ. ಇದೆಲ್ಲಕ್ಕಿಂತ ಸುಲಭದ ದಾರಿ, ಆರ್ಡರ್ ಮಾಡಿದೋರನ್ನ "ನಮ್ಮನ್ನ ಎಲ್ಲಿ ನೋಡಿದ್ರಿ?" ಅಂತ ಕೇಳಿ ಬರೆದಿಟ್ಕೊಳ್ಳೋದು.

ಎಲ್ಲಾ ಅಕೌಂಟಿಗೂ ಟೂ ಸ್ಟೆಪ್ ವೆರಿಫಿಕೇಶನ್ (ಪಾಸ್‌ವರ್ಡ್ ಜೊತೆ ಇನ್ನೊಂದು ಕೋಡೂ ಕೇಳೋ ವ್ಯವಸ್ಥೆ) ಹಾಕಿ. "ನಿಮ್ಮ ಪೇಜ್ ಕಾಪಿರೈಟ್ ಉಲ್ಲಂಘನೆ ಮಾಡಿದೆ, 24 ಗಂಟೆಲಿ ಬಂದ್ ಆಗತ್ತೆ, ಈ ಲಿಂಕ್ ಒತ್ತಿ" ಅಂತ ಮೆಟಾ ಹೆಸರಲ್ಲಿ ಮೆಸೇಜ್ ಬರತ್ತೆ, ಒತ್ತಿ ಪಾಸ್‌ವರ್ಡ್ ಹಾಕಿದ್ರೆ ಪೇಜ್ ಹೋಯ್ತು. ಒಟಿಪಿ ಯಾರಿಗೂ ಹೇಳ್ಬೇಡಿ. ಪೇಜ್ ನೋಡ್ಕೊಳ್ಳೋಕೆ ಬೇರೆಯೋರನ್ನ ಇಟ್ಕೊಂಡ್ರೆ ಪಾಸ್‌ವರ್ಡ್ ಕೊಡ್ದೇ ಸೆಟ್ಟಿಂಗ್ಸಲ್ಲಿ ಅವ್ರಿಗೆ ಆಕ್ಸೆಸ್ ಕೊಡಿ, ಕೆಲಸ ಬಿಟ್ಟ ದಿನವೇ ತೆಗೀರಿ. ರಿಜಿಸ್ಟರ್ ಆಗಿರೋ ಫೋನ್ ನಂಬರ್, ಇಮೇಲ್ ಯಾವತ್ತೂ ನಿಮ್ಮದೇ ಇರ್ಲಿ, ಏಜೆನ್ಸಿಯೋರದ್ದಲ್ಲ.

2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ಇನ್‌ಸ್ಟಾಗ್ರಾಮ್, ವಾಟ್ಸಾಪ್ ಮೂರೂ ಒಟ್ಟಿಗೆ ಸುಮಾರು ಆರು ಗಂಟೆ ನಿಂತುಹೋಗಿದ್ವು. ಬರೀ ಚಾಟನ್ನೇ ನಂಬ್ಕೊಂಡಿದ್ದೋರಿಗೆ ಅಷ್ಟು ಹೊತ್ತು ಗ್ರಾಹಕರಿಗೆ ಒಂದು ಮೆಸೇಜ್ ಕಳ್ಸೋಕೂ ದಾರಿ ಇರ್ಲಿಲ್ಲ. ಹಾಗಾಗಿ ಗ್ರಾಹಕರ ಹೆಸರು, ನಂಬರ್, ಏನು ತಗೊಂಡ್ರು, ಮೆಸೇಜ್ ಕಳಿಸ್ಬಹುದು ಅಂತ ಒಪ್ಪಿದಾರಾ ಇಲ್ವಾ, ಇಷ್ಟನ್ನ ಅವ್ರಿಗೂ ತಿಳಿಸಿ ಬೇರೆ ಒಂದು ಶೀಟಲ್ಲಿ ಬರೆದಿಡಿ. ಪ್ರತಿ ಆರ್ಡರ್ ಆದ ತಕ್ಷಣ ಒಂದು ಸಾಲು ಸೇರಿಸಿದ್ರೆ ಆಯ್ತು, ತಿಂಗಳ ಕೊನೇಲಿ ಮಾಡ್ತೀನಿ ಅಂತ ಬಿಟ್ರೆ ಯಾರೂ ಮಾಡಲ್ಲ.